ಸಾಹೇಬರ ಕಂಪ್ಯೂಟರೇ ಮಾದರಿ

ಮಷೀನು ತಾನಾಗೇ ಕೆಡೂದು ಕಡಿಮಿ, ಶಾಣ್ಯಾರು ಕೈ ಹಚ್ಚಿದ ಮ್ಯಾಲೆ ಕೆಡೂದೇ ಜಾಸ್ತಿ. ಎರಡು ಸಾವಿರದ ಇಸವಿ ಸುಮಾರಿಗೆ ನಾ ಬೆಳಗಾವಿ ಟಿಳಕವಾಡಿಯ ಒಂದು ಪಾರ್ಸಲ್ ಕಂಪನಿಯಾಗ ಕಂಪ್ಯೂಟರ್ ನೋಡಿಕೊಳ್ಳೋ ಕೆಲಸಕ್ಕಿದ್ದೆ. ಅಲ್ಲಿ ಇಂಥಾ ಶಾಣ್ಯಾರಿಗೆ ಒಂದು ದಿನಾನೂ ಕೊರತಿ ಬೀಳಲಿಲ್ಲ.

೧. ಖಾನಾಪುರದ ರಿಪೇರಿ

ಕಂಪ್ಯೂಟರ್ ಇದ್ದದ್ದು ಇಪ್ಪತ್ತು. ಟಿಳಕವಾಡಿ, ಶಹಾಪುರ, ಖಾನಾಪುರದಾಗ ಕೂಡಿ ಹತ್ತೊಂಬತ್ತು, ಗುಂಜಿಯಾಗ ಒಂದು. ಒಂದರ ಸೆಟ್ಟಿಂಗ್ ಇನ್ನೊಂದಕ್ಕ ಹೊಂದತಿರಲಿಲ್ಲ. ವಾರಕ್ಕೊಮ್ಮೆ ಖಾನಾಪುರದ ಹೆಡ್ ಕ್ಲಾರ್ಕ್ ಫೋನು: "ಪ್ರಿಂಟರ್ ಸತ್ತೈತ್ರೀ, ಲಗೂನ ಬರ್ರಿ."

ಒಂದು ಸಲ ಹಂಗ ಬಸ್ಸಿನ್ಯಾಗ ನಿಂತಕೊಂಡು ಹೋದೆ.

"ಏನು ಮುಟ್ಟೀರಿ?"

"ಖರೇ ಹೇಳ್ತೀನ್ರೀ, ಏನೂ ಕೆಡಿಸಿಲ್ಲ. ಬಾಜೂ ಮಷೀನ್ದಾಗ ಹ್ಯಾಂಗಿತ್ತೋ ಹಂಗ ಮಾಡೇನಿ ಅಷ್ಟ."

ನೋಡಿದ್ರ ಬಾಜೂ ಮಷೀನೂ ಕೆಟ್ಟಿತ್ತು. "ಇದನ್ನ ಯಾರು ಕೆಡಿಸಿದ್ರು?"

"ಅದನ್ನ ನಿನ್ನಿ ನಾನ ಸರಿ ಮಾಡೇನ್ರೀ. ನೀವು ಈ ಮಷೀನ್ ನೋಡ್ರಿ."

೨. ಸಹಿ ಬೇಕು

ಈ ಓಡಾಟಕ್ಕ ಸಾಕಾಗಿ ನಾ ಒಂದು ಪ್ರೋಗ್ರಾಂ ಬರದೆ. ಒಂದು ಕಂಪ್ಯೂಟರ್ ಮಾದರಿ. ಉಳಿದವು ಫೋನ್ ಲೈನಿನ ಮ್ಯಾಲೆ ತಾಸಿಗೊಮ್ಮೆ ಅದನ್ನ ನೋಡಿ, ತಮ್ಮೊಳಗ ಏನರೆ ಬದಲಾಗಿದ್ರ ತಾವ ಸರಿ ಮಾಡಿಕೊಳ್ಳಬೇಕು. ಮಾದರಿಯಾಗ ಇದ್ದದ್ದು ಬರಬೇಕು, ಇಲ್ಲದ್ದು ಹೋಗಬೇಕು. ನಮ್ಮ ಮ್ಯಾನೇಜರ್ ಸಾಹೇಬರಿಗೆ ಹೋಗಿ ಹೇಳಿದೆ.

"ಯಾರ ಪರವಾನಗಿ ತಗೊಂಡು ಬದಲಾಗತಾವು?" ಅಂದ್ರು.

"ತಾವ ಬದಲಾಗತಾವ್ರೀ ಸಾಹೇಬ್ರ. ಅದಕ್ಕ ಆಟೋಮ್ಯಾಟಿಕ್ ಅನ್ನೂದು."

"ಆಟೋಮ್ಯಾಟಿಕ್ ಇರವಲ್ದ್ಯಾಕ. ನನ್ನ ಸಹಿ ಬೇಕು."

ಮೂರು ಮಷೀನಿನ ಮ್ಯಾಲೆ ಪ್ರಯೋಗ ಸುರು ಆತು. ಮಷೀನು ಸೆಟ್ಟಿಂಗ್ ಬದಲಿಸಬೇಕು, ಅದರ ಪರವಾಗಿ ನಾ ಅರ್ಜಿ ಬರೀಬೇಕು, ಸಾಹೇಬರು ಸಹಿ ಒಗೀಬೇಕು. ಎಂಥಾ ಬುದ್ಧಿ ನೋಡ್ರಿ! ಮೂರನೇ ದಿನಕ್ಕ ಸಾಹೇಬರ ಮುಂದ ಕಾಗದದ ಗುಡ್ಡ ಬಿತ್ತು. ಬಲಗೈ ತಿಕ್ಕಿಕೋತ ನನ್ನ ಕರದ್ರು.

"ಏನಪಾ, ಈ ಸಹಿನೂ ಆಟೋಮ್ಯಾಟಿಕ್ ಮಾಡಾಕ ಬರತೈತೇನು?"

೩. ಯಾರದು ಮಾದರಿ?

ಸಹಿ ನಿಂತು, ಯಾರ ಕಂಪ್ಯೂಟರ್ ಮಾದರಿ ಅನ್ನೋ ಲಡಾಯಿ ಸುರು ಆತು. ನಾ ಒಂದು ಹೊಸಾ ಮಷೀನ್ ಸ್ವಚ್ಛ ಮಾಡಿ ಮಾದರಿ ಅಂತ ಇಟ್ಟಿದ್ದೆ. ಸಾಹೇಬರ ಮಾರಿ ಕೆಂಪಾತು.

"ಮ್ಯಾನೇಜರ್ ನಾನೋ ನೀನೋ? ಮ್ಯಾಲಿನವರದು ಬಿಟ್ಟು ಕೆಳಗಿನವರದು ಮಾದರಿ ಅಂದ್ರ ನನ್ನ ಮರ್ಯಾದಿ ಏನು ಉಳೀತು? ನನ್ನ ಕಂಪ್ಯೂಟರ್ ಮಾದರಿ ಮಾಡು."

"ಆತ್ರೀ. ಮೊದಲ ಅದರಾಗ ಏನೈತಿ ಅಂತ ಒಮ್ಮೆ ನೋಡ್ತೀನ್ರೀ."

"ನನ್ನ ಮಷೀನ್ ತಪಾಸಣಿ ಮಾಡಾಕ ನೀ ಯಾರು? ಇದ್ದಂಗ ನಕಲು ತಗಿ!"

ಬರದು ಕೊಡ್ರಿ ಅಂದೆ. ಭಾಳ ಹುರುಪಿಲೆ ಬರದ್ರು: 'ಮ್ಯಾನೇಜರರ ಕಂಪ್ಯೂಟರನ್ನು ಇದ್ದ ಹಾಗೆ ಮಾದರಿ ಮಾಡತಕ್ಕದ್ದು. ತಪ್ಪಾದಲ್ಲಿ ಜವಾಬ್ದಾರರನ್ನು ಗುಂಜಿಗೆ ಕಾಯಂ ವರ್ಗ ಮಾಡಲಾಗುವುದು.' ಬರಕೋತ ನನ್ನ ಮಾರಿ ನೋಡಿ ನಕ್ಕರು.

ಅವರ ಲೆಕ್ಕದಾಗ ಜವಾಬ್ದಾರ ಅಂದ್ರ ನಾನ. ಗುಂಜಿ ಅಂದ್ರ ಒಂದು ಸ್ಟೇಷನ್, ಅದರ ಹಿಂದ ಅಡವಿ. ಮಗಳಿಗೆ ಆಗಷ್ಟ ಟಿಳಕವಾಡಿ ಸಾಲಿಯಾಗ ಹೆಸರು ಹಚ್ಚಿದ್ವಿ. ಮನಿಯಾಗ ಹೇಳಿದ್ರ ಹೆಂಡತಿ ಅಕ್ಕಿ ಆರಸೂದು ಸುದ್ದಾ ನಿಲ್ಲಸಲಿಲ್ಲ.

"ನೀವ ಹೋಗ್ರಿ. ನಾವಿಬ್ರೂ ಇಲ್ಲೇ ಆರಾಮ ಇರತೀವಿ."

೪. ಮಾಲಕರ ಮುಂದ

ಈ ಪ್ರೋಗ್ರಾಂ ಹ್ಯಾಂಗ ನಡೀತೈತಿ ಅಂತ ಕಂಪನಿ ಮಾಲಕರು ಖಾನಾಪುರದಾಗ ಕುಂತು ನೋಡೂದು ಅಂತ ಆತು. ಅವತ್ತಿಗಷ್ಟ ತಾಸಿನ ಬದಲಿ ಐದು ನಿಮಿಷಕ್ಕೊಮ್ಮೆ ಅಂತ ಇಟ್ಟಿದ್ದೆ. ಸಾಹೇಬರು ಇಸ್ತ್ರಿ ಅಂಗಿ ಹಾಕ್ಕೊಂಡು ಮದುಮಗನಂಗ ನಿಂತಿದ್ರು.

ಸಾಹೇಬರ ಮಷೀನನ್ನ ಇದ್ದಂಗ ಮಾದರಿ ಮಾಡಿ ಹನ್ನೊಂದಕ್ಕ ಸುರು ಮಾಡಿದೆ. ಮೊದಲ ಎಲ್ಲಾ ಪರದಿ ಮ್ಯಾಲೆ ಅಕ್ಷರ ಗೋಡಿ ಮ್ಯಾಲಿನ ಜಾಹೀರಾತಿನಷ್ಟು ದೊಡ್ಡವಾದ್ವು, ಸಾಹೇಬರ ಚಾಳೀಸಿನ ಕಣ್ಣಿಗೆ ತಕ್ಕಂಗ. ಆಮ್ಯಾಲೆ ಒಂದೊಂದ ಮಷೀನ್ದಾಗ ಇಸ್ಪೀಟ್ ಆಟ ತೆರಕೊಂತು.

ಹೆಡ್ ಕ್ಲಾರ್ಕ್ ಓಡ್ಯಾಡಿ ಎಲ್ಲಾ ಮುಚ್ಚಿದ. ಐದು ನಿಮಿಷಕ್ಕ ಮತ್ತ ತೆರಕೊಂಡ್ವು. ನನ್ನ ಪ್ರೋಗ್ರಾಂ ಅಷ್ಟು ಛಲೋ ನಡದಿತ್ತು!

"ವೈರಸ್ ರೀ ಮಾಲಕ್ರ, ವೈರಸ್!" ಸಾಹೇಬರು ಚೀರಿದ್ರು.

"ವೈರಸ್ ಅಲ್ರೀ, ಮಾದರಿ," ಅಂದು ಸಾಹೇಬರು ಬರದು ಕೊಟ್ಟ ಕಾಗದ ಕಿಸೆದಾಗಿಂದ ತಗದು ಮಾಲಕರ ಕೈಗೆ ಕೊಟ್ಟೆ.

ಅಷ್ಟರಾಗ ಶಹಾಪುರದಿಂದ ಫೋನು. "ಎಲ್ಲಾ ಮಷೀನ್ದಾಗ ಇಸ್ಪೀಟ್ ಎಲಿ ಬಂದಾವ್ರೀ. ಮುಚ್ಚೂದೋ, ಆಡೂದೋ?"

ಮಾಲಕರು ಕಾಗದ ಎರಡು ಸಲ ಓದಿ ಸಾಹೇಬರ ಕಡೆ ನೋಡಿದ್ರು. "ಜವಾಬ್ದಾರರು ಗುಂಜಿಗೆ ಅಂತ ನೀವ ಬರದೀರಲ್ರೀ. ಯಾವಾಗ ಹೊರಡ್ತೀರಿ?"

ಸಾಹೇಬರು ಮುಂದಿನ ಸೋಮವಾರ ಗಾಡಿ ಹತ್ತಿದ್ರು. ನನ್ನ ಸ್ವಚ್ಛ ಮಷೀನು ಮಾದರಿ ಆತು. ತಿಂಗಳಾದ ಮ್ಯಾಲೆ ಗುಂಜಿಯಿಂದ ಫೋನು ಬಂತು, ದನಿ ಭಾಳ ಮೆತ್ತಗ.

"ಏನಪಾ, ಇಲ್ಲಿ ಆಟ ಹಾಕಿಕೊಂಡ್ರ ಒಂದು ತಾಸಿನ್ಯಾಗ ಮಾಯ ಆಗತೈತಿ. ಯಾರು ಅಳಸ್ತಾರ?"

"ಯಾರೂ ಇಲ್ರೀ ಸಾಹೇಬ್ರ, ತಾನ ಅಳಸತೈತಿ."

"ನಂದೊಂದು ಮಷೀನ್ ಬಿಡಾಕ ಬರಂಗಿಲ್ಲೇನು?"

"ಬರತೈತ್ರೀ, ಯಾಕ ಬರಂಗಿಲ್ಲ! ತಾಸಿಗೊಂದು ಅರ್ಜಿ ಬರದು, ಮಾಲಕರ ಸಹಿ ಹಾಕಿಸಿ ಕಳಸ್ರಿ."