ಒಳಗಿನ ಚಿಲಕ

ಇಷ್ಟಕ್ಕೆಲ್ಲ ಕಾರಣ ಕಿರುಬೆರಳುದ್ದದ ಒಂದು ಚಿಲಕ. ಸಾಮ್ರಾಜ್ಯಗಳು ಉರುಳಿದ ಕತೆಗಳನ್ನೆಲ್ಲ ಅರೆದು ಕುಡಿದವನು ನಾನು. ಅವ್ಯಾವುದರಲ್ಲೂ ಇಷ್ಟು ಗಲಾಟೆ ಆಗಿರಲಿಲ್ಲ.

ಆ ಮನೆಯ ಸೊಸೆಗೆ ಇದ್ದದ್ದು ಒಂದೇ ಆಸೆ. ದಿನಕ್ಕೆ ಅರ್ಧ ಗಂಟೆ ಯಾರ ಸೊಸೆಯೂ, ಯಾರ ಹೆಂಡತಿಯೂ, ಯಾರ ಅಮ್ಮನೂ ಆಗದೆ ಸುಮ್ಮನೆ ಕೂರಬೇಕು. ತಾನು ಯಾರೆಂಬುದೇ ಅವಳಿಗೆ ಮರೆತುಹೋಗಿತ್ತು. ಒಬ್ಬಳೇ ಕೂತರೆ ನೆನಪಾದೀತು ಅಂದುಕೊಂಡಿದ್ದಳು. ಆದರೆ ಆ ಮನೆಯಲ್ಲಿ ಬಚ್ಚಲಿಗೆ ಹೋದರೂ ಹೊರಗಿನಿಂದ ಸಕ್ಕರೆ ಡಬ್ಬಿ ಎಲ್ಲಿ ಎಂದು ಕೂಗುತ್ತಿದ್ದರು.

ಕೊನೆಗೊಂದು ದಿನ ಮೆಟ್ಟಿಲ ಕೆಳಗಿನ ಉಗ್ರಾಣದಿಂದ ಹಳೇ ಹಾಸಿಗೆ, ಮುರಿದ ಕುರ್ಚಿ ಎಳೆದುಹಾಕಿ, ಗುಡಿಸಿ, ಬಡಗಿಯನ್ನು ಕರೆಸಿದಳು.

"ಚಿಲಕ ಒಳಗಡೇನಾ?" ಬಡಗಿಯ ಕಿವಿಯ ಮೇಲಿದ್ದ ಪೆನ್ಸಿಲ್ ಕೆಳಗೆ ಬಿತ್ತು. "ಅಲ್ಲಮ್ಮಾ, ಉಗ್ರಾಣಕ್ಕೆ ಒಳಗಿಂದ ಚಿಲಕ ಹಾಕ್ಕೊಳ್ಳೋರು ಯಾರು?"

"ನಾನು."

ಮೊದಲ ತೂತು ಕೊರೆದ ಸದ್ದಿಗೇ ಪಕ್ಕದ ಮನೆಯಾಕೆ, ಬೀದಿಯವರೆಲ್ಲ ಡಂಗೂರದಕ್ಕ ಅನ್ನುವವಳು, ಗೋಡೆ ತೂರಿಕೊಂಡು ಬಂದಂತೆ ಪ್ರತ್ಯಕ್ಷಳಾದಳು. "ಯಾಕೇ ತಾಯಿ, ಗಂಡನ ಜೊತೆ ಜಗಳವಾ?"

"ಇಲ್ಲ ಅಕ್ಕಾ, ಸುಮ್ನೆ ಕೂರೋಕೆ."

"ಸುಮ್ನೇನಾ? ಅಯ್ಯೋ, ಹಾಗಾದ್ರೆ ದೊಡ್ಡ ಜಗಳಾನೇ!"

ಎರಡನೇ ತೂತಿನ ಹೊತ್ತಿಗೆ ಬೀದಿಯಲ್ಲಿ ಸೊಸೆಗೆ ಹುಚ್ಚು ಹಿಡಿದಿತ್ತು. ಮೂರನೆಯದಕ್ಕೆ ಅವಳನ್ನು ಕೂಡಿಹಾಕಿಯೂ ಆಗಿತ್ತು. ಸುದ್ದಿ ಕೇಳಿದ ಗಂಡ ಆಫೀಸಿನಿಂದ ಒಂದೇ ಚಪ್ಪಲಿಯಲ್ಲಿ ಓಡಿಬಂದ.

"ಬದುಕಿದ್ದೀಯಾ?"

"ಇದ್ದೀನಲ್ಲ."

"ಹಾಗಾದ್ರೆ ಊಟಕ್ಕೇನು ಮಾಡಿದ್ದೀಯಾ?"

ಅಷ್ಟರಲ್ಲಿ ಅತ್ತೆ ಗುಡುಗಿದರು. ಮೂರು ಬೀದಿಯ ಕಾಗೆಗಳು ಒಟ್ಟಿಗೆ ಹಾರಿದವು. "ನಲವತ್ತು ವರ್ಷ ಈ ಮನೇಲಿ ನಾನು ಒಂದಿನ ಬಾಗಿಲು ಹಾಕ್ಕೊಂಡು ಕೂತಿಲ್ಲ. ನಿನಗೇನು ಕೊಂಬು ಬಂದಿದೆಯಾ?"

ಸೊಸೆ ಅಂದು ತಲೆ ತಗ್ಗಿಸಲಿಲ್ಲ. "ನೀವೇ ಒಂದ್ಸಲ ಕೂತು ನೋಡಿ ಅತ್ತೆ. ಬೇಡ ಅನ್ಸಿದ್ರೆ ಈಗಲೇ ಕೀಳಿಸ್ತೀನಿ."

ಅತ್ತೆ ಮೂಗು ಮುರಿಯುತ್ತ ಒಳಗೆ ಹೋದರು. ಚಿಲಕ ಬಿತ್ತು.

ಮಧ್ಯಾಹ್ನವಾಯಿತು. ಬಡಗಿ ಹೋದ. ಬಾಗಿಲಿಗೆ ಕಿವಿ ಅಂಟಿಸಿ ಅಂಟಿಸಿ ಸೋತು ಡಂಗೂರದಕ್ಕನೂ ಹೋದಳು. ಗಾಬರಿಯಾಗಿ ಸೊಸೆ ಬಾಗಿಲು ಬಡಿಯಲು ಕೈಯೆತ್ತಿದಳು. ಒಳಗಿನಿಂದ ಹಾಡು ಕೇಳಿಸಿತು. ಮೆಲ್ಲಗೆ, ಪದ ಮರೆತು, ಮತ್ತೆ ಮೊದಲಿಂದ ಶುರು ಮಾಡಿ ಹಾಡುತ್ತಿದ್ದ ಆ ದನಿ ಯಾರೋ ಚಿಕ್ಕ ಹುಡುಗಿಯದಿರಬೇಕು ಅನ್ನಿಸುವಂತಿತ್ತು. ಸೊಸೆ ಎತ್ತಿದ ಕೈಯನ್ನು ಇಳಿಸಿ, ಅತ್ತೆಯ ಪಾಲಿನ ಕೆಲಸವನ್ನೂ ತಾನೇ ಮಾಡಿ ಮುಗಿಸಿದಳು.

ಸಂಜೆ ಬಾಗಿಲು ತೆರೆಯಿತು. ಅತ್ತೆಯ ಕಣ್ಣು ಕೆಂಪಾಗಿತ್ತು. "ಥೂ, ಏನು ಸೆಖೆ!"

"ಚಿಲಕ ಕೀಳಿಸಲಾ ಅತ್ತೆ?"

"ಮುಟ್ಟೀಯಾ, ಜೋಕೆ! ನಾಳೆಯಿಂದ ಮನೆ ನೀನೇ ನೋಡ್ಕೋ. ಯಾರಾದ್ರೂ ಕೇಳಿದ್ರೆ ನಾನು ಇಲ್ಲ ಅನ್ನು."

ಸೊಸೆ ಕೇಳಿದಳು, "ನನ್ನ ಸರದಿ ಯಾವಾಗ?"

ಅತ್ತೆ ಎಂದೂ ಇಲ್ಲದ ಅಕ್ಕರೆಯಿಂದ ಅವಳ ತಲೆ ಸವರಿ ಹೇಳಿದರು:

"ನಿನಗೂ ಒಬ್ಬಳು ಸೊಸೆ ಬರ್ತಾಳೆ, ತಾಳು."

ತೊಟ್ಟಿಲಲ್ಲಿ ಮಗ ಎಚ್ಚರಗೊಂಡು ಬೊಚ್ಚುಬಾಯಿ ತೆರೆದು ನಗುತ್ತಿದ್ದ. ಇನ್ನೂ ಒಂದೂ ಹಲ್ಲು ಬಂದಿರಲಿಲ್ಲ.