ಟಬೀರ ನಗರಸಭೆಗೆ ಹೆಕಾಟೆ ದೇವಿಯವರ ಸೇರ್ಪಡೆ

ಟಬೀರ ನಗರಸಭೆಯಲ್ಲಿ ಒಟ್ಟು ನಲವತ್ತು ಸ್ಥಾನಗಳಿದ್ದು, ಅವುಗಳಲ್ಲಿ ಮೂವತ್ತಮೂರು ತತ್ವಜ್ಞಾನದ ಕಾರಣದಿಂದ ತೆರವಾಗಿವೆ. ಇದನ್ನು ನಾನು ದೂರಿನ ರೂಪದಲ್ಲಿ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಸಭೆಯ ದಾಖಲೆ ಬರೆಯುತ್ತಿರುವ ಬರಹಗಾರ ಟಟಿಯನ ನಾನು. ದೂರುವುದು ನನ್ನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ.

ನಿಯಮ ಸರಳವಾಗಿದೆ. ಇಪ್ಪತ್ತೈದು ಪಟ್ಟಿಗಿಂತ ಹೆಚ್ಚು ಜಮೀನುಳ್ಳ, ಜೀವವಿರುವ ಪ್ರತಿಯೊಬ್ಬ ನಿವಾಸಿಯೂ ಸಭೆಯ ಸದಸ್ಯನಾಗತಕ್ಕದ್ದು. ಸದಸ್ಯನಾದವನು ತನ್ನ ಸರದಿ ಬಂದಾಗ ಒಂದು ವರ್ಷ ಊರ ಸ್ನಾನಗೃಹದ ಒಲೆಗೆ ಸ್ವಂತ ಸೌದೆ ಹಾಕತಕ್ಕದ್ದು. ವೈದ್ಯರು, ಅರ್ಚಕರು ಮತ್ತು ತತ್ವಜ್ಞಾನಿಗಳಿಗೆ ವಿನಾಯಿತಿ. ಈ ಕೊನೆಯ ಸಾಲು ಕಣ್ಣಿಗೆ ಬಿದ್ದ ದಿನದಿಂದ ನಮ್ಮೂರ ಜಮೀನುದಾರರಿಗೆ ಗಡ್ಡ ಬೆಳೆಯತೊಡಗಿತು. ಒಬ್ಬೊಬ್ಬರೇ ಒರಟು ಕಂಬಳಿ ಹೊದ್ದರು, ಆತ್ಮದ ಬಗ್ಗೆ ನಾಲ್ಕು ಮಾತು ಕಲಿತರು, ಪರಮ ಏಕತತ್ವದಲ್ಲಿ ಲೀನರಾದರು. ಲೀನರಾದವರು ಹಾಜರಿ ಕೂಗುವಾಗ ಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ಮಾತ್ರ ಸಿಗುತ್ತಾರೆ, ಬೆಳಗಿನಿಂದ ಸಂಜೆವರೆಗೆ ವಾದ ಮಾಡುತ್ತ.

ಉಳಿದವರು ಏಳು ಮಂದಿ. ಕೋರಂಗೆ ಹತ್ತು ತಲೆ ಬೇಕು. ಆದ್ದರಿಂದ ಸಭೆ ಮೂರು ವರ್ಷ ಸೇರಲಿಲ್ಲ. ಸಭೆ ಸೇರದಿದ್ದರೆ ಸೌದೆಯ ಸರದಿಯನ್ನು ಮುಂದಿನವನಿಗೆ ದಾಟಿಸುವಂತಿಲ್ಲ. ಮೂರು ವರ್ಷದ ಹಿಂದೆ ಸರದಿ ಹಿಡಿದಿದ್ದವನು ಈ ಏಳರಲ್ಲೊಬ್ಬನಾದ ಪಪೂಲ. ಅವನ ಓಕ್ ತೋಪು ಮೊದಲ ವರ್ಷಕ್ಕೆ ಮುಗಿಯಿತು, ಎರಡನೆಯದಕ್ಕೆ ಅಂಜೂರದ ಮರಗಳು. ಈಗ ಅವನು ಮನೆಯ ಬಾಗಿಲುಗಳನ್ನು ಉರಿಸುತ್ತಿದ್ದ. ನೀರು ಉಗುರುಬೆಚ್ಚಗೆ ಬರುತ್ತಿತ್ತು, ಜನ ಅವನನ್ನೇ ಬಯ್ಯುತ್ತಿದ್ದರು.

ಇಂಥ ಸಮಯದಲ್ಲಿ ಹೊಸ ಚಕ್ರವರ್ತಿಗಳಿಂದ ಆಜ್ಞೆ ಬಂತು. ಹಿಂದಿನವರು ಮುಚ್ಚಿಸಿದ್ದ ಹಳೆಯ ದೇವರ ಗುಡಿಗಳನ್ನು ತೆರೆಯಬೇಕು, ಗುಡಿಗಳ ಜಮೀನನ್ನು ದೇವರುಗಳಿಗೇ ಹಿಂತಿರುಗಿಸಬೇಕು. ಇಷ್ಟು ಚಕ್ರವರ್ತಿಗಳದ್ದು. ಕೆಳಗಿನ ಯಾವುದೋ ಕಚೇರಿ ಅದಕ್ಕೆ ಒಂದು ಸುತ್ತೋಲೆ ಹೊಲಿದಿತ್ತು: ಪ್ರತಿಯೊಂದು ವಿಗ್ರಹದೊಳಗೆ ದೇವರು ಇದ್ದಾರೋ ಇಲ್ಲವೋ ಎಂದು ಪರೀಕ್ಷಕರು ಪರಿಶೀಲಿಸತಕ್ಕದ್ದು, ಸಜೀವವಾದುದನ್ನು ಇದ್ದಲ್ಲೇ ಬಿಡತಕ್ಕದ್ದು, ನಿರ್ಜೀವವಾದುದನ್ನು ಆತ್ಮ ಲಭ್ಯವಾಗುವವರೆಗೆ ಸಾರ್ಡಿಸ್‌ನ ಉಗ್ರಾಣದಲ್ಲಿ ಇಡತಕ್ಕದ್ದು, ಗುಡಿಯನ್ನು ಹರಾಜು ಹಾಕತಕ್ಕದ್ದು.

ನಮ್ಮೂರಲ್ಲಿ ಉಳಿದಿದ್ದದ್ದು ಒಂದೇ ಗುಡಿ, ಕವಲುದಾರಿಯ ಹೆಕಾಟೆ ದೇವಿಯದು. ಮೂರು ದಾರಿಗಳನ್ನು ನೋಡುವ ಮೂರು ಮುಖ, ಕೈಯಲ್ಲಿ ಕಲ್ಲಿನ ಪಂಜು. ಅದರ ಹಿಂದಿನ ಕೋಣೆಯಲ್ಲಿ ನಲವತ್ತು ವರ್ಷದಿಂದ ಇದ್ದವಳು ಅಮ್ಮಿಯಾ. ಗಂಡ ಸತ್ತಾಗ ಗುಡಿ ಗುಡಿಸಲು ಬಂದವಳು, ಪೂಜೆ ನಿಂತ ಮೇಲೆ ಗುಡಿಯಲ್ಲಿ ಈರುಳ್ಳಿ ಸಂಗ್ರಹಿಸಿ ಮಾರಿ ಹೊಟ್ಟೆ ಹೊರೆದವಳು. ಅವಳಿಗೆ ಬೇರೆ ಸೂರಿಲ್ಲ, ಬೇರೆ ಜನವಿಲ್ಲ. ಸುತ್ತೋಲೆಯನ್ನು ನಾನೇ ಅವಳಿಗೆ ಓದಿ ಹೇಳಿದೆ.

"ಅಂದ್ರೆ ಇವಳಲ್ಲಿ ಜೀವ ಇಲ್ಲ ಅಂದ್ಬಿಟ್ರೆ ನಾನು ಬೀದಿಗೆ ಬಿದ್ದೆ ಅನ್ನು."

"ಹಾಗಂತ ಬರೆದಿಲ್ಲ ಅಜ್ಜಿ. ಹರಾಜು ಅಂತ ಇದೆ."

"ನಲವತ್ತು ವರ್ಷ ಇವಳ ಜೊತೆ ಮಾತಾಡಿದೀನಿ ಕಣೋ ಟಟಿಯ. ಜೀವ ಇಲ್ದೆ ಇಷ್ಟು ದಿನ ಕೇಳಿಸ್ಕೊಂಡಾಳಾ?"

ಅಮ್ಮಿಯಾ ಬೀದಿಗೆ ಬಂದರೆ ನನಗೆ ಊಟ ಸೇರುವುದಿಲ್ಲ ಎಂದು ಗೊತ್ತಿತ್ತು. ಇದನ್ನು ದಾಖಲೆಯಲ್ಲಿ ಬರೆದಿಲ್ಲ.

ಪರೀಕ್ಷಕರಾಗಿ ಬಂದವರು ಎಫೆಸಸ್‌ನ ನಿಕೋಸ್ತ್ರಾತರು. ದೇವರನ್ನು ಕಲ್ಲಿಗೆ ಇಳಿಸುವ ಗುಪ್ತವಿದ್ಯೆಯಲ್ಲಿ ಪಳಗಿದವರು, ಎದೆವರೆಗೆ ಗಡ್ಡ. ಪಪೂಲನ ಮನೆಯಲ್ಲಿ ಇಳಿದುಕೊಂಡರು. ಆ ಮನೆಗೆ ಬಾಗಿಲಿಲ್ಲದಿದ್ದುದನ್ನು ನೋಡಿ, ಇದು ಉನ್ನತ ಆತ್ಮದ ಲಕ್ಷಣ ಎಂದು ಮೆಚ್ಚಿದರು. ಮೂರು ದಿನ ಹಂದಿಮಾಂಸ ಬೆರೆಸಿದ ಅವರೆಕಾಳಿನ ಸಾರು ತಿಂದರು. ನಾಲ್ಕನೆಯ ದಿನ ಗುಡಿಗೆ ಬಂದರು.

ಪರೀಕ್ಷೆಗೆ ಬಾಗಿಲು ಮುಚ್ಚಿರಬೇಕು ಎಂಬುದು ವಿದ್ಯೆಯ ನಿಯಮ. ಮುಚ್ಚಿದೆವು. ಒಳಗೆ ಅವರು, ಏಳು ಸದಸ್ಯರು, ನಾನು, ಅಮ್ಮಿಯಾ ಮತ್ತು ಆ ವರ್ಷದ ಈರುಳ್ಳಿ. ಅರ್ಧದಷ್ಟನ್ನು ಅಮ್ಮಿಯಾ ಆ ದಿನವೇ ಹೆಚ್ಚಿ ಒಣಹಾಕಿದ್ದಳು. ಅದು ಅವಳ ದಿನಚರಿ ಎಂದು ನಾನು ನಂಬಿದ್ದೇನೆ. ನಿಕೋಸ್ತ್ರಾತರು ಧೂಪ ಹಾಕಿ, ತೊಗಲಿನ ಬಾರಿಗೆ ಕಟ್ಟಿದ ಚಿನ್ನದ ಗುಂಡನ್ನು ಗಿರಗಿರ ತಿರುಗಿಸುತ್ತ, ಅರ್ಥವಿಲ್ಲದ ಅಕ್ಷರಗಳನ್ನು ಕೂಗಿದರು. ಅರ್ಥವಿದ್ದರೆ ದೇವರಿಗೆ ಕೇಳುವುದಿಲ್ಲವಂತೆ. ನಮ್ಮ ಕಚೇರಿಯಲ್ಲೂ ಅದೇ ಪದ್ಧತಿ. ಸ್ವಲ್ಪ ಹೊತ್ತಿಗೆ ಅವರ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

"ನಕ್ಕಳು!" ಎಂದು ಅವರು ಮೂಗು ಒರೆಸಿಕೊಂಡರು. "ಮೂರೂ ಮುಖದಲ್ಲಿ ನಕ್ಕಳು! ನೀವೂ ನೋಡಿದ್ರಾ?"

ಯಾರಿಗೂ ಏನೂ ಕಾಣುತ್ತಿರಲಿಲ್ಲ. "ಸಭೆಯು ಏಕಮತದಿಂದ ಅತ್ತಿತು" ಎಂದು ದಾಖಲಿಸಿದೆ. ದೇವಿಯವರು ಸಜೀವ ಎಂದು ಪ್ರಮಾಣಪತ್ರವಾಯಿತು. ಅಮ್ಮಿಯಾ ನನ್ನ ಕೈಗೆ ಎರಡು ಈರುಳ್ಳಿ ತುರುಕಿದಳು. ನನಗೂ ನಿಜವಾಗಿ ಅಳು ಬಂತು.

ಅಷ್ಟರಲ್ಲಿ ಪಪೂಲ ಕಣ್ಣೊರೆಸಿಕೊಂಡು ಕೇಳಿದ: "ಬರಹಗಾರರೇ, ಈ ತಾಯಿಗೆ ಆಜ್ಞೆ ಪ್ರಕಾರ ವಾಪಸ್ ಬಂದ ಜಮೀನು ಎಷ್ಟು?"

"ಮೂವತ್ತು ಪಟ್ಟಿ."

"ಜೀವ ಇದೆ ಅಂತ ಈಗ ಸೀಲ್ ಬಿತ್ತು. ಊರಲ್ಲೇ ಇದ್ದಾರೆ. ಮೂವತ್ತು ಪಟ್ಟಿ. ಅಂದ್ಮೇಲೆ?"

ನಾನು ನಿಯಮ ತೆಗೆದು ನೋಡಿದೆ. ಹೆಣ್ಣು, ಕಲ್ಲು, ದೇವರು ಈ ಮೂರರ ಬಗ್ಗೆಯೂ ಅದು ಮೌನವಾಗಿತ್ತು. ಕೋರಂ ವಿಷಯಕ್ಕೆ ಬಂದರೆ, ಅದು "ಹತ್ತು ತಲೆ" ಎನ್ನುತ್ತದೆಯೇ ಹೊರತು "ಹತ್ತು ಜನ" ಎನ್ನುವುದಿಲ್ಲ. ನಾನು ಎಣಿಸಿದೆ. ಸದಸ್ಯರು ಏಳು, ದೇವಿಯವರು ಮೂರು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಟಬೀರ ನಗರಸಭೆ ಸೇರಿತು.

ಹೆಸರು ಸೂಚಿಸಿ ಆಕ್ಷೇಪಣೆ ಇದೆಯೇ ಎಂದು ಮೂರು ಬಾರಿ ಕೇಳುವುದು ಪದ್ಧತಿ. ನಾನು ದೇವಿಯವರ ಮುಖಕ್ಕೊಂದರಂತೆ ಕೇಳಿದೆ. ಆಕ್ಷೇಪಣೆ ಬರಲಿಲ್ಲ. ಎರಡನೆಯ ಗೊತ್ತುವಳಿಯಲ್ಲಿ ಸೌದೆಯ ಸರದಿ ಪಪೂಲನಿಂದ ದೇವಿಯವರಿಗೆ ದಾಟಿತು. ಪಪೂಲ ಅಲ್ಲೇ ಒಂದು ಸಣ್ಣ ಕುಣಿತ ಹಾಕಿದ, ಅದು ದಾಖಲೆಯಲ್ಲಿದೆ.

ದೇವಿಯವರಷ್ಟು ಶಿಸ್ತಿನ ಸದಸ್ಯರನ್ನು ನಾನು ಕಂಡಿಲ್ಲ. ಅವರು ಲಂಚ ಮುಟ್ಟಲಿಲ್ಲ, ತಡವಾಗಿ ಬರಲಿಲ್ಲ, ಬಾವನ ಮಗನಿಗೆ ಕೆಲಸ ಕೇಳಲಿಲ್ಲ. ಒಂದೇ ಕೊರತೆಯೆಂದರೆ ಸೌದೆ ಹಾಕಲಿಲ್ಲ. ಸ್ನಾನಗೃಹ ಪೂರ್ತಿ ತಣ್ಣಗಾಯಿತು. ನಿಯಮದಂತೆ ಮೊದಲ ನೋಟಿಸನ್ನು ಪಂಜು ಹಿಡಿದ ಕೈಗೆ ಕಟ್ಟಿದೆ, ಹತ್ತು ದಿನದ ನಂತರ ಎರಡನೆಯದನ್ನು. ಮೂರನೆಯದಕ್ಕೂ ಉತ್ತರ ಬಾರದಿದ್ದರೆ ಸದಸ್ಯರ ವಾಸದ ಮನೆ ಹರಾಜು.

ಅಮ್ಮಿಯಾ ಎರಡೂ ನೋಟಿಸು ಹಿಡಿದು ನನ್ನ ಕಚೇರಿಗೆ ಬಂದಳು.

"ಜೀವ ಇಲ್ಲ ಅಂದ್ರೂ ಹರಾಜು, ಜೀವ ಇದೆ ಅಂದ್ರೂ ಹರಾಜು. ಇದೇನೋ ನಿಮ್ಮ ಕಾನೂನು? ನೀನು ಉಂಡ ಮನೆಗೆ ಬೆಂಕಿ ಇಡ್ತೀಯಲ್ಲೋ!"

"ಬೆಂಕಿ ಇಡೋರು ಸಿಗದೇ ಇರೋದೇ ತೊಂದ್ರೆ ಅಜ್ಜಿ."

"ನಗಬೇಡ. ಆ ಗಡ್ಡದೋರನ್ನೆಲ್ಲ ಬಿಟ್ಟಿದೀಯಲ್ಲ, ಇವಳನ್ನೂ ಬಿಡು."

ವಿನಾಯಿತಿಯ ಸಾಲನ್ನು ಅವಳಿಗೆ ಓದಿದೆ. ವೈದ್ಯ ಎನ್ನಲು ದೇವಿಯವರು ಯಾರ ಕೆಮ್ಮನ್ನೂ ವಾಸಿ ಮಾಡಿರಲಿಲ್ಲ. ಅರ್ಚಕ ಎನ್ನಲು ತಮ್ಮನ್ನು ತಾವೇ ಪೂಜಿಸಬೇಕಾಗುತ್ತಿತ್ತು. ಅದು ಸದಸ್ಯರಲ್ಲಿ ಸಾಮಾನ್ಯವಾದರೂ ನಿಯಮದಲ್ಲಿಲ್ಲ. ಉಳಿದದ್ದು ತತ್ವಜ್ಞಾನ. ಗಡ್ಡ ಬೆಳೆಯದವರಿಗೆ ಅದಕ್ಕೆ ಮುದ್ರೆಯುಳ್ಳ ತತ್ವಜ್ಞಾನಿಯೊಬ್ಬರ ಪತ್ರ ಬೇಕು, ಅಂದರೆ ನಿಕೋಸ್ತ್ರಾತರದು.

ಅವರು ಇನ್ನೂ ಪಪೂಲನ ಮನೆಯಲ್ಲೇ ಇದ್ದರು, ಅವರೆ ಸಾರಿನ ಮುಂದೆ.

"ದೇವಿಗೆ ತತ್ವಜ್ಞಾನದ ಪತ್ರವೇ?" ಎಂದು ಗಡ್ಡ ನೀವಿಕೊಂಡರು. "ಬಹಳ ಸೂಕ್ಷ್ಮ ವಿಷಯ ಅಮ್ಮಾ. ಸುಮ್ನೆ ಆಗೋದಲ್ಲ."

"ಮೂವತ್ತು ಪಟ್ಟಿ ಜಮೀನಿದೆ ಸಾಮಿ. ತತ್ವಜ್ಞಾನಿಗೆ ಜಮೀನು ಯಾಕೆ? ಎಲ್ಲಾ ನೀವೇ ತಗೊಳ್ಳಿ."

ವಿಷಯದ ಸೂಕ್ಷ್ಮತೆ ತಕ್ಷಣ ಕಡಿಮೆಯಾಯಿತು. ಅಷ್ಟು ದೊಡ್ಡ ದಾನಕ್ಕೆ ತಕ್ಕ ಪತ್ರವಾಗಬೇಕೆಂದು ಅವರು ಎದ್ದು ನಿಂತು ಹೇಳಿ ಬರೆಸಿದರು: ಈಕೆ ಐದು ವರ್ಷಕ್ಕೂ ಮೀರಿ ಮೌನವ್ರತ ಪಾಲಿಸಿದ್ದಾರೆ. ತತ್ವಜ್ಞಾನದ ಹಳೆಯ ಗುರುಗಳು ನಿಷೇಧಿಸಿದ ಅವರೆಕಾಳನ್ನು ಬಾಯಿಗೆ ಹಾಕಿಲ್ಲ. ಒಂದೇ ಉಡುಗೆಯಲ್ಲಿ ಬಿಸಿಲು ಮಳೆ ಸಹಿಸಿದ್ದಾರೆ. ಬಯ್ದರೆ ಕೆರಳುವುದಿಲ್ಲ, ಹೊಗಳಿದರೆ ಹಿಗ್ಗುವುದಿಲ್ಲ.

ನಾನು ಬರೆದುಕೊಂಡೆ. ಅಮ್ಮಿಯಾ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು.

"ಇನ್ನೊಂದು ಸಾಲು ಸೇರ್ಸಿ ಸಾಮಿ. ಈ ಲಕ್ಷಣ ಇಲ್ಲದೋರು ಯಾರೂ ತತ್ವಜ್ಞಾನಿ ಅಲ್ಲ ಅಂತ. ಇಲ್ದಿದ್ರೆ ನಾಳೆ ಯಾವನೋ ಬಂದು ನಮ್ಮಮ್ಮನಿಗೆ ಸಮ ನಾನು ಅಂತಾನೆ."

"ಸೇರಿಸಪ್ಪಾ, ಪಾಪ," ಎಂದರು ನಿಕೋಸ್ತ್ರಾತರು, ಮತ್ತು ಮುದ್ರೆ ಒತ್ತಿದರು.

ಮರುದಿನ ಸಭೆ ಗುಡಿಯಲ್ಲೇ ಸೇರಿತು, ಹತ್ತು ತಲೆ ಹಾಜರಿ. ಪತ್ರವನ್ನು ಅಂಗೀಕರಿಸಿ ದೇವಿಯವರನ್ನು ಸೌದೆಯ ಕರ್ತವ್ಯದಿಂದ ಮುಕ್ತಗೊಳಿಸಲಾಯಿತು. ವಿನಾಯಿತಿ ಕರ್ತವ್ಯಕ್ಕೆ ಮಾತ್ರ, ಹಾಜರಿಗಲ್ಲ ಎಂದು ನಾನು ಷರಾ ಬರೆದೆ, ಏಕೆಂದರೆ ಕೋರಂ ಇಲ್ಲದ ಬದುಕು ಸಾಕಾಗಿತ್ತು. ದೇವಿಯವರಿಗೆ ದಾಟಿದ ಸರದಿ ರದ್ದಾಗಿ ಮತ್ತೆ ತನ್ನ ತಲೆಗೇ ಬಂತೆಂದು ಪಪೂಲನ ಮುಖ ಸಪ್ಪಗಾಯಿತು. ಮನೆಯಲ್ಲಿ ಇನ್ನು ಉಳಿದಿದ್ದದ್ದು ಮಂಚ ಮಾತ್ರ.

ಎರಡನೆಯ ವಿಷಯ, ಜಮೀನಿನ ವರ್ಗಾವಣೆ. ಜಮೀನು ಬಿಟ್ಟುಕೊಟ್ಟ ಸದಸ್ಯರ ಹೆಸರನ್ನು ತೆಗೆಯಬೇಕೆಂದು ನಿಯಮದಲ್ಲಿಲ್ಲ, ನಾನೂ ತೆಗೆಯಲಿಲ್ಲ. ನಿಕೋಸ್ತ್ರಾತರು ನಗುನಗುತ್ತ ಬಂದು ಸಹಿ ಹಾಕಿದರು.

"ನಿವಾಸ ಎಲ್ಲಿ ಅಂತ ಬರೀಲಿ?" ಎಂದೆ.

"ಪಪೂಲನ ಮನೆ ಅಂತಲೇ ಬರಿ. ನೋಡ್ಕೊಳ್ಳೋಕೆ ಇಲ್ಲೇ ಇರ್ಬೇಕಲ್ಲ."

"ಮೂವತ್ತು ಪಟ್ಟಿ, ಟಬೀರ ನಿವಾಸಿ," ಎಂದು ನಾನು ಗಟ್ಟಿಯಾಗಿ ಓದಿದೆ.

ಪಪೂಲ ಮೆಲ್ಲಗೆ ತಲೆಯೆತ್ತಿದ. ಅವನು ಮೂರು ವರ್ಷ ಬೂದಿ ಬಳಿದವನು, ಮತ್ತೆ ಹೇಳಿಸಿಕೊಳ್ಳುವವನಲ್ಲ. "ಇವರಿಗೆ ಜೀವ ಇದೆ ಅನ್ನೋದಕ್ಕೆ ನಾನು ಸಾಕ್ಷಿ," ಎಂದು ಕೂಗಿದ. "ಮೂರು ಹೊತ್ತೂ ಉಂಡಿದ್ದು ನಮ್ಮನೇಲೇ! ಹೆಸರು ಸೂಚಿಸ್ತೀನಿ!"

"ಏಯ್! ನಾನು ತತ್ವಜ್ಞಾನಿ!" ಎಂದರು ನಿಕೋಸ್ತ್ರಾತರು.

"ಮಾತಾಡಿದರು" ಎಂದು ನಾನು ಬರೆದುಕೊಂಡೆ.

"ಏನು ಬರೀತಿದೀಯ ನೀನು? ನಾನ್ಯಾರು ಗೊತ್ತೇನೋ?"

"ಕೆರಳಿದರು" ಎಂದೂ ಬರೆದುಕೊಂಡೆ. ಪಪೂಲನ ಅಡುಗೆಯವಳನ್ನು ಕರೆಸಿ ಅವರೆಕಾಳಿನ ಬಗ್ಗೆ ಹೇಳಿಕೆ ಪಡೆದೆ. ದಿನಕ್ಕೆ ಎರಡು ಬಟ್ಟಲು, ಭಾನುವಾರ ಮೂರು. ನಂತರ ಅವರದೇ ಮುದ್ರೆಯಿರುವ ಪತ್ರದ ಕೊನೆಯ ಸಾಲನ್ನು ಅವರಿಗೇ ಓದಿ ಹೇಳಿದೆ. ಅವರು ಅಮ್ಮಿಯಾಳ ಕಡೆ ತಿರುಗಿದರು. ಅಮ್ಮಿಯಾ ಈರುಳ್ಳಿ ಸುಲಿಯುತ್ತಿದ್ದಳು.

"ಜಮೀನು ಬೇಡ ಅಂತೀನಿ!"

"ಹಿಂತಿರುಗಿಸಲು ಸ್ವೀಕರಿಸುವವರ ಒಪ್ಪಿಗೆ ಬೇಕು," ಎಂದೆ. ಎಲ್ಲರೂ ದೇವಿಯವರತ್ತ ನೋಡಿದೆವು. ಒಪ್ಪಿಗೆ ಬರಲಿಲ್ಲ.

ಮೌನವನ್ನು ಒಂದು ಕಡೆ ಸಮ್ಮತಿಯೆಂದೂ ಇನ್ನೊಂದು ಕಡೆ ನಿರಾಕರಣೆಯೆಂದೂ ಹೇಗೆ ಓದುತ್ತೀರಿ ಎಂದು ಕೆಲವರು ಕೇಳಬಹುದು. ಇಪ್ಪತ್ತೆರಡು ವರ್ಷದ ಅನುಭವದಿಂದ ಓದುತ್ತೇನೆ.

ಸುದ್ದಿ ಮಧ್ಯಾಹ್ನದೊಳಗೆ ಮಾರುಕಟ್ಟೆ ಮುಟ್ಟಿತು. ಮೂವತ್ತಮೂರು ತತ್ವಜ್ಞಾನಿಗಳು ವಾದದ ನಡುವೆಯೇ ಬಾಯಿ ಮುಚ್ಚಿದರು, ಒಬ್ಬರಂತೂ ಅರ್ಧ ಶಬ್ದಕ್ಕೇ. ಅಂದಿನಿಂದ ಅವರು ಮೀನನ್ನೂ ಸನ್ನೆಯಲ್ಲೇ ಕೊಳ್ಳುತ್ತಾರೆ. ಅವರ ಐದು ವರ್ಷ ಚಾಲ್ತಿಯಲ್ಲಿದೆ ಎಂದು ನಮೂದಿಸಿ, ಗಡುವು ಕೊಟ್ಟಿದ್ದೇನೆ. ಅವರ ಹೆಂಡತಿಯರು ದೇವಿಯವರಿಗೆ ಜೇನಿನ ರೊಟ್ಟಿ ತಂದು ಅರ್ಪಿಸಿ, ಅವಧಿಯನ್ನು ಹತ್ತು ವರ್ಷಕ್ಕೆ ಏರಿಸುವಂತೆ ಮನವಿ ಸಲ್ಲಿಸಿದ್ದಾರೆ.

ಹೊಸ ಸದಸ್ಯರಾಗಿ ಸೌದೆಯ ಸರದಿ ಹೊತ್ತ ನಿಕೋಸ್ತ್ರಾತರಿಗೆ ಒಲೆ ಒಗ್ಗಿತು. ಚಿನ್ನದ ಗುಂಡಿನ ಬಾರಿನಿಂದ ಸೌದೆ ಹೊರೆ ಚೆನ್ನಾಗಿ ಕಟ್ಟಬಹುದು. ಮೊದಮೊದಲು ಅವರು, ಜ್ವಾಲೆ ಹೇಗೆ ಮೇಲಕ್ಕೇ ಏರುತ್ತದೋ ಹಾಗೆ ಆತ್ಮವೂ ಎಂದು ಆರಂಭಿಸುತ್ತಿದ್ದರು. "ಆತ್ಮ ಆಮೇಲೆ, ಸೌದೆ ಹಾಕಿ ಸಾಮಿ, ಕಾಲು ತಣ್ಣಗಿದೆ," ಎಂದು ಪಪೂಲ ತೊಟ್ಟಿಯೊಳಗಿನಿಂದ ಕೂಗುತ್ತಿದ್ದ. ಈಗ ನೀರು ಮೈ ಕೆಂಪಾಗುವಷ್ಟು ಬಿಸಿ ಬರುತ್ತದೆ. ಊರು ಸ್ವಚ್ಛವಾಗಿದೆ, ಪಪೂಲ ಎರಡು ಬಾಗಿಲು ಮಾಡಿಸಿದ್ದಾನೆ.

ಮುಂದಿನ ವರ್ಷ ಆ ಚಕ್ರವರ್ತಿಗಳು ಪರ್ಷಿಯದ ಯುದ್ಧದಲ್ಲಿ ತೀರಿಕೊಂಡರು. ಅವರ ನಂತರ ಬಂದವರ ದೇವರು ಬೇರೆ. ಕೆಳಗಿನ ಕಚೇರಿಯಿಂದ ಸುತ್ತೋಲೆ ಬಂತು: ಎಲ್ಲ ವಿಗ್ರಹಗಳನ್ನು ತೆಗೆಸತಕ್ಕದ್ದು. ಒಬ್ಬ ಯುವ ಅಧಿಕಾರಿ ಗಾಡಿ, ಹಗ್ಗ ಮತ್ತು ನಾಲ್ಕು ಆಳುಗಳೊಂದಿಗೆ ನೇರವಾಗಿ ಗುಡಿಗೆ ಬಂದ. ಅಮ್ಮಿಯಾ ಬಾಗಿಲಿಗೆ ಅಡ್ಡ ಕೂತಳು. ನಾನು ದಾಖಲೆ ಪುಸ್ತಕ ಕಂಕುಳಲ್ಲಿಟ್ಟು ಓಡಿದೆ.

"ಇದು ವಿಗ್ರಹ ತಾನೇ?" ಎಂದ ಅಧಿಕಾರಿ.

"ಅಲ್ಲ ಸ್ವಾಮಿ. ಸದಸ್ಯರು."

ಅವನು ಪುಸ್ತಕವನ್ನು ಎರಡು ಬಾರಿ ಓದಿದ. ಹೆಸರು ಹೆಕಾಟೆ, ಟಬೀರ ನಿವಾಸಿ, ತತ್ವಜ್ಞಾನಿ, ಹಾಜರಿ ನೂರಕ್ಕೆ ನೂರು. ಎಲ್ಲೂ ವಿಗ್ರಹ ಎಂಬ ಶಬ್ದವಿರಲಿಲ್ಲ. "ಸದಸ್ಯರನ್ನ ತೆಗೀಬೇಕಾದ್ರೆ ಏನು ವಿಧಾನ?" ಎಂದು ಕೇಳಿದ. ಒಳ್ಳೆಯ ಅಧಿಕಾರಿ, ವಿಧಾನ ಕೇಳುವವರನ್ನು ಕಂಡರೆ ನನಗೆ ಗೌರವ.

"ಸಭೆಯ ಗೊತ್ತುವಳಿ ಬೇಕು. ಕೋರಂಗೆ ಹತ್ತು ತಲೆ. ಇವರನ್ನ ಬಿಟ್ರೆ ಎಂಟೇ ಇವೆ. ಇವರು ಹಾಜರಿದ್ದು ಆಕ್ಷೇಪಣೆ ಇಲ್ಲ ಅಂತ ಬಾಯ್ಬಿಟ್ಟು ಹೇಳಿದ್ರೆ ತೆಗೀಬಹುದು."

ಅವನು ಒಳಗೆ ಹೋಗಿ ದೇವಿಯವರ ಮುಂದೆ ನಿಂತು ಕೇಳಿದ. ಕಾದ. ಅದು ಈರುಳ್ಳಿಯ ಕಾಲ. ಹೊರಬಂದಾಗ ಕಣ್ಣು ಕೆಂಪಾಗಿತ್ತು.

"ಏನೂ ಹೇಳ್ತಿಲ್ಲ," ಎಂದ. "ಆದ್ರೆ ನನ್ನ ನೋಡಿ ನಕ್ಕ ಹಾಗಾಯ್ತು."

"ಎಲ್ರಿಗೂ ಹಾಗೇ ನಗ್ತಾಳೆ ಮಗಾ, ಬಾ, ರೊಟ್ಟಿ ತಿನ್ನು," ಎಂದು ಅಮ್ಮಿಯಾ ಬಾಗಿಲಿನಿಂದ ಎದ್ದಳು.

ಅವನು ರೊಟ್ಟಿ ತಿಂದ, ಬಿಸಿನೀರಲ್ಲಿ ಮಿಂದ, ಒಲೆಯ ಬಳಿ ಮಸಿ ಬಳಿದುಕೊಂಡು ನಿಂತಿದ್ದ ಗಡ್ಡದವರಿಗೆ ನಮಸ್ಕರಿಸಿದ. ಸಂಜೆ ನನ್ನ ಮೇಜಿನ ಮೇಲೆಯೇ ವರದಿ ಬರೆದ: "ಟಬೀರದಲ್ಲಿ ವಿಗ್ರಹಗಳು ಕಂಡುಬಂದಿಲ್ಲ. ವಯಸ್ಸಾದ ಸದಸ್ಯೆಯೊಬ್ಬರಿದ್ದಾರೆ, ಮಿತಭಾಷಿ. ಅವರ ಆರೈಕೆಗೆ ಒಬ್ಬ ಹೆಂಗಸು ಅದೇ ಮನೆಯಲ್ಲಿ ಖಾಯಂ ಇರತಕ್ಕದ್ದು." ಮುದ್ರೆ ಒತ್ತಿ, ಖಾಲಿ ಗಾಡಿಯೊಂದಿಗೆ ಹೊರಟುಹೋದ.

ಆ ವರದಿಯ ನಕಲನ್ನು ನಾನೇ ಒಯ್ದು ಅಮ್ಮಿಯಾಳಿಗೆ ಓದಿದೆ. ಅವಳು ಎರಡು ಸಲ ಓದಿಸಿಕೊಂಡಳು. ಆಮೇಲೆ ಅದನ್ನು ಮಡಿಸಿ, ದೇವಿಯವರ ಪಂಜಿನ ಕೈಗೆ, ಹಿಂದೆ ನೋಟಿಸು ಕಟ್ಟಿದ್ದ ಜಾಗದಲ್ಲೇ ಕಟ್ಟಿದಳು. "ಓದ್ಕೊಳೇ, ನಿನಗೂ ವಯಸ್ಸಾಯ್ತಂತೆ," ಎಂದಳು.

ಆಕ್ಷೇಪಣೆ ಬರಲಿಲ್ಲ.