ನಾಯಿಯ ತಟ್ಟೆ, ಕೋಳಿಯ ಬೋಗುಣಿ

ಪಕ್ಕದ ಮನೆಯ ನರ್ಸಮ್ಮ ಆ ಬೆಳಿಗ್ಗೆ ಮೋಟು ಕಾಂಪೌಂಡ್ ಗೋಡೆಯ ಮೇಲಿಂದ ಬಾಗಿ, ಕೋಳಿಗಳ ನೀರಿನ ಬೋಗುಣಿಯಲ್ಲಿ ಬೆರಳಾಡಿಸದೆ ಹೋಗಿದ್ದರೆ ವಕೀಲರ ಕೋಟಿಗೆ ತೋಳು ಬರುತ್ತಿತ್ತು.

ದರ್ಜಿ ಆಗ ಮುಂದಿನ ಕೋಣೆಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುತ್ತಿದ್ದ. ಮೇಜಿನ ಮೇಲೆ ಕಪ್ಪು ಕೋಟು ತೋಳಿಲ್ಲದೆ ಮಲಗಿತ್ತು. ಸಂಜೆಯೊಳಗೆ ಅದನ್ನು ಮುಗಿಸಿಕೊಟ್ಟರೆ ಕೋರ್ಟಿನ ವಕೀಲರೆಲ್ಲ ತನ್ನ ಬಾಗಿಲಿಗೇ ಬರುತ್ತಾರೆಂಬ ಆಸೆ ಅವನದು. ಹೆಂಡತಿ ಅಕ್ಕನ ಮೊಮ್ಮಗುವನ್ನು ನೋಡಲು ನಸುಕಿನ ಬಸ್ಸಿಗೇ ಹೋಗಿದ್ದಳು. ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಹೊಲಿಯಲು ಇದಕ್ಕಿಂತ ಒಳ್ಳೆಯ ದಿನ ಎಲ್ಲಿ ಸಿಗಬೇಕು?

"ಟೈಲರ್ರೇ! ಬನ್ನಿ ಇಲ್ಲಿ!"

ಆಸ್ಪತ್ರೆಯಿಂದ ನಿವೃತ್ತರಾಗಿ ವರ್ಷಗಳಾಗಿದ್ದರೂ ನರ್ಸಮ್ಮನ ದನಿ ಇನ್ನೂ ವಾರ್ಡಿನಲ್ಲೇ ಇತ್ತು. ದರ್ಜಿ ಹಿತ್ತಿಲಿಗೆ ಓಡಿದ. ಆಕೆ ತೋರುಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದರು.

"ಏನಿದು?"

"ಬೆರಳು."

"ಬೆರಳ ಮೇಲೆ ಏನಿದೆ ನೋಡ್ರೀ. ಲೋಳೆ! ಈ ನೀರು ಕುಡಿದು ಕೋಳಿ ಬದುಕ್ತಾವಾ? ಆ ನಾಯಿ ತಟ್ಟೆ ನೋಡಿ, ನಿನ್ನೆ ಅನ್ನ ಒಣಗಿ ಗಾರೆ ಆಗಿದೆ. ನಿಮ್ಮಾಕೆ ಹೊರಡೋವಾಗ ಹೇಳೇ ಹೋಗಿದ್ದಾರೆ, ಎಲ್ಲಾ ತಟ್ಟೆ ಇವತ್ತು ಫಳಫಳ ಅಂತಿರಬೇಕು ಅಂತ."

"ನನಗೇನೂ ಹೇಳಲಿಲ್ಲವಲ್ಲ?"

"ನೀವು ಗೊರಕೆ ಹೊಡೀತಿದ್ರಿ."

ಅದನ್ನು ಅಲ್ಲಗಳೆಯುವಂತಿರಲಿಲ್ಲ. ದರ್ಜಿ ಅಡುಗೆಮನೆಯ ಬ್ರಷ್ಷು ತಂದ. ನರ್ಸಮ್ಮ ಹೌಹಾರಿದರು. "ನೀವು ಉಣ್ಣೋ ತಟ್ಟೆಗೂ ಅದೇ, ಕೋಳಿ ಬೋಗುಣಿಗೂ ಅದೇನಾ? ಬೇರೆ ತನ್ನಿ." ಬೇರೆ ಬ್ರಷ್ಷು ಹುಡುಕುವಷ್ಟರಲ್ಲಿ ಅಟ್ಟದ ಅರ್ಧ ಸಾಮಾನು ಕೆಳಗೆ ಬಂತು. ತಣ್ಣೀರು ಹಾಕಿದ್ದಕ್ಕೆ, "ಜಿಡ್ಡು ಬಿಸಿನೀರಿಗೇ ಬಿಡೋದು" ಅಂದರು. ನೀರು ಕಾಯಿಸಿ ತಂದ. ಬೋಗುಣಿಯ ಅಂಚಿನ ಸಂದಿಯಲ್ಲಿ ಹಸಿರು ಪಾಚಿ ಕೂತಿತ್ತು. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಅದನ್ನು ಕೆರೆದ. ಇಷ್ಟು ಮುತುವರ್ಜಿಯಿಂದ ಅವನು ತನ್ನ ಹಲ್ಲನ್ನೂ ಉಜ್ಜಿರಲಿಲ್ಲ.

ನಡುವೆ ಒಂದು ಸಲ ಹೆಂಡತಿಗೆ ಫೋನು ಮಾಡಿದ. ಬಸ್ಸಿನ ಗದ್ದಲದಲ್ಲಿ ಕೇಳಿಸಿದ್ದು ಇಷ್ಟು: "ತಟ್ಟೆ ತಾನೇ? ನರ್ಸಮ್ಮಂಗೆ ಎಲ್ಲಾ ಹೇಳಿದ್ದೀನಿ ರೀ, ನೀವು..." ಅಲ್ಲಿಗೆ ಫೋನು ಕಟ್ಟಾಯಿತು.

"ನೋಡಿದ್ರಾ?" ಅಂದರು ನರ್ಸಮ್ಮ.

ತೊಳೆದ ಬೋಗುಣಿಗೆ ಹೊಸ ನೀರು ತುಂಬಿ ಇನ್ನೇನು ಬೆನ್ನು ನೆಟ್ಟಗೆ ಮಾಡಬೇಕು, ಅಷ್ಟರಲ್ಲಿ ಕಂದು ಕೋಳಿ ಅಂಚಿನ ಮೇಲೆ ಹಾರಿ ಕೂತು, ಕುಂಡೆಯನ್ನು ಒಳಮುಖವಾಗಿ ತಿರುಗಿಸಿ, ತನ್ನ ಕೆಲಸ ಮುಗಿಸಿ ಇಳಿದುಹೋಯಿತು.

"ಥೂ ನಿನ್ನ!"

"ಕೋಳೀನ ಯಾಕೆ ಬೈತೀರಿ? ನೆಲದ ಮೇಲಿಟ್ರೆ ಅದು ಇನ್ನೇನು ಮಾಡುತ್ತೆ? ಇಟ್ಟಿಗೆ ಇಟ್ಟು ಅದರ ಬೆನ್ನಿನೆತ್ತರಕ್ಕೆ ಏರಿಸಿ. ಮೊದಲು ಇನ್ನೊಂದ್ಸಲ ತೊಳೀರಿ."

ಎರಡನೇ ಸಲ ತೊಳೆಯುವಾಗ ಎದುರುಮನೆಯ ಮೇಷ್ಟ್ರು ಬಂದರು. ಗದ್ದಲ ಕೇಳಿದರೆ ಅವರಿಗೆ ಮನೆಯೊಳಗೆ ಕಾಲು ನಿಲ್ಲುತ್ತಿರಲಿಲ್ಲ.

"ಸೋಪಾ?" ಎಂದು ಹುಬ್ಬೇರಿಸಿದರು. "ವಿಷ ಅದು! ಬೂದಿ ಹಾಕಿ ಉಜ್ಜಬೇಕು."

"ಚೆನ್ನಾಗಿ ಗಲಬರಿಸಿದ್ರೆ ಸೋಪು ಏನೂ ಮಾಡಲ್ಲ," ಎಂದರು ನರ್ಸಮ್ಮ.

"ನಮ್ಮ ಕಾಲದ ನಾಯಿಗಳು ಸೋಪು ಕಂಡಿರಲಿಲ್ಲಮ್ಮಾ."

"ನಿಮ್ಮ ಕಾಲದ ನಾಯಿಗಳು ಈಗ ಎಲ್ಲಿವೆ ಮೇಷ್ಟ್ರೇ?"

ಇಬ್ಬರ ಜಗಳದ ನಡುವೆ ದರ್ಜಿ, ಯಾರಿಗೂ ಬೇಜಾರಾಗದಿರಲೆಂದು, ಒಮ್ಮೆ ಬೂದಿಯಿಂದಲೂ ಮತ್ತೊಮ್ಮೆ ಸೋಪಿನಿಂದಲೂ ಉಜ್ಜಿದ. ಕೈ ನೆನೆದು, ಹಿಂಡಿ ಮರೆತ ಬಟ್ಟೆಯಂತೆ ಸುಕ್ಕಾಯಿತು. ಬಿಸಿಲು ನೆತ್ತಿಗೇರಿತು. "ಹಸಿ ತಟ್ಟೆಗೆ ಊಟ ಹಾಕಬೇಡಿ, ಬಿಸಿಲಲ್ಲಿ ಒಣಗಲಿ," ಎಂದು ಅಪ್ಪಣೆಯಾಯಿತು. ತಟ್ಟೆಗಳನ್ನು ಗೋಡೆಗೆ ಒರಗಿಸಿ, ಅವುಗಳ ಮೇಲೆ ಮತ್ತೆ ಯಾವ ಕೋಳಿಯೂ ಹತ್ತದಂತೆ ಕೋಲು ಹಿಡಿದು ಕಾವಲು ಕೂತ.

ಕಾವಲಿನಲ್ಲಿ ಅವನು ಮರೆತದ್ದು ನಾಯಿಯನ್ನು. ಅದು ಊಟದ ಹೊತ್ತಿಗೆ ತಟ್ಟೆಯ ಜಾಗಕ್ಕೆ ಬಂದು ಮೂಸಿತು. ತಟ್ಟೆ ಇಲ್ಲ. ಕೋಣೆಕೋಣೆ ಹುಡುಕಿತು. ಕೊನೆಗೆ ಹಸಿವು ತಡೆಯದೆ, ಮೇಜಿನಂಚಿಗೆ ಇಳಿಬಿದ್ದಿದ್ದ ಕೋಟನ್ನು ಎಳೆದು ಕೆಡವಿ, ಒಂದು ಕಡೆಯ ಕಾಲರನ್ನು ಅಗಿದು, ಅದರ ಮೇಲೇ ಸುರುಳಿ ಸುತ್ತಿ ನಿದ್ದೆಹೋಯಿತು.

ವಕೀಲರು ಹೇಳಿದ್ದಕ್ಕಿಂತ ಮೊದಲೇ ಬಂದರು. ಕೋಟು ನೋಡಿದರು, ನಾಯಿ ನೋಡಿದರು, ಕೈಯಲ್ಲಿ ಕೋಲು ಹಿಡಿದು ನಿಂತ ದರ್ಜಿಯನ್ನು ನೋಡಿದರು.

"ಸ್ವಾಮಿ, ಕೋಳಿ ಬೋಗುಣಿ ಲೋಳೆಯಾಗಿತ್ತು," ಎಂದ ದರ್ಜಿ.

ಇಷ್ಟು ವರ್ಷ ಎಂತೆಂಥ ಸಮಜಾಯಿಷಿ ಕೇಳಿದ್ದ ವಕೀಲರಿಗೂ ಇದು ಹೊಸದು. ಮೇಜಿನ ಮೇಲೆ ಉಳಿದಿದ್ದ ಬಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೇರೆ ಟೈಲರನನ್ನು ಹುಡುಕಿ ಹೊರಟರು.

ಹೊತ್ತು ಇಳಿಯುವಾಗ ಹೆಂಡತಿ ಬಂದಳು. ಚೀಲ ಕೆಳಗಿಟ್ಟು ನೇರ ಹಿತ್ತಿಲಿಗೆ ಹೋದಳು. ಇಟ್ಟಿಗೆಯ ಮೇಲೆ ಬೋಗುಣಿ ಕನ್ನಡಿಯಂತೆ ಹೊಳೆಯುತ್ತಿತ್ತು. ನಾಯಿ ತಟ್ಟೆಯಲ್ಲಿ ಮುಖ ಕಾಣುತ್ತಿತ್ತು. ದರ್ಜಿಯ ಎದೆ ಸ್ವಲ್ಪ ಉಬ್ಬಿತು. ಕೋಟು ಹೋದರೇನು, ಹೆಂಡತಿಯ ಬಾಯಲ್ಲಿ ಒಂದು ಒಳ್ಳೆಯ ಮಾತಾದರೂ ಬರುತ್ತದಲ್ಲ!

"ಅಯ್ಯೋ ನರ್ಸಮ್ಮಾ!" ಎಂದಳು ಹೆಂಡತಿ, ಗೋಡೆಯ ಕಡೆ ತಿರುಗಿ. "ಇವರ ಕೈಲಿ ಆಗೋ ಕೆಲಸ ಅಲ್ಲ, ನೀವೇ ಒಂದಿಷ್ಟು ತೊಳೆದಿಡಿ ಅಂತ ಹೇಳಿ ಹೋಗಿದ್ದಕ್ಕೆ ಎಷ್ಟು ಚೆನ್ನಾಗಿ ಮಾಡಿದ್ದೀರಿ!"

ದರ್ಜಿ ಅವಳ ಮುಂದೆ ಬಂದು ನಿಂತ.

"ತೊಳೆದದ್ದು ನಾನು ಕಣೇ!"

"ಸಾಕು ಸುಮ್ನಿರಿ. ಉಂಡ ತಟ್ಟೆ ಎತ್ತಿಡದೋರು ಕೋಳಿ ಬೋಗುಣಿ ತೊಳೀತಾರಂತೆ!"

"ಮೇಷ್ಟ್ರೇ, ನೀವಾದ್ರೂ ಹೇಳಿ!"

ಗದ್ದಲಕ್ಕೆ ಹಿತ್ತಿಲಿಗೆ ಬಂದು ನಿಂತಿದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಇದ್ದದ್ದು ಇದ್ದಹಾಗೆ ಹೇಳಬೇಕಲ್ಲಮ್ಮ. ಪಾಪ, ಆ ತಾಯಿ ಬೆಳಿಗ್ಗೆಯಿಂದ ಈ ಗೋಡೆ ಬಿಟ್ಟು ಕದಲಿಲ್ಲ."

ನರ್ಸಮ್ಮ ಕಣ್ಣು ತಗ್ಗಿಸಿ ಮುಗುಳ್ನಕ್ಕರು. "ಇವರೂ ಕೈ ಜೋಡಿಸಿದ್ರಮ್ಮ, ಇಲ್ಲ ಅನ್ನಲ್ಲ."

ಹೆಂಡತಿ ಚೀಲದಿಂದ ಬೂದುಬಣ್ಣದ ದಪ್ಪ ಉಣ್ಣೆ ಬಟ್ಟೆ ತೆಗೆದಳು. "ನಿಮಗೇ ಅಂತ ತಂದೆ. ಚಳಿಗೊಂದು ಕೋಟು ಆಗುತ್ತೆ. ಇವರೇ ಹೊಲಿದುಕೊಡ್ತಾರೆ, ಕೂಲಿ ಗೀಲಿ ಅಂದ್ರೆ ನಾನು ಕೇಳಲ್ಲ. ರೀ, ನಿಂತು ನೋಡ್ತೀರೇನು? ಅಳತೆ ತಗೊಳ್ಳಿ."

ದರ್ಜಿ ಟೇಪು ತಂದು, ಸುಕ್ಕುಗಟ್ಟಿದ ಬೆರಳುಗಳಿಂದ ನರ್ಸಮ್ಮನ ತೋಳಿನ ಉದ್ದ ಅಳೆಯತೊಡಗಿದ. ಹೆಂಡತಿ ಹೇಳುತ್ತಲೇ ಇದ್ದಳು. ಅಕ್ಕ ಬಿಡುತ್ತಿಲ್ಲವಂತೆ, ಬರುವ ವಾರ ಹೋದರೆ ವಾರಪೂರ್ತಿ ಇದ್ದು ಬರಬೇಕಂತೆ, ಆದರೆ ಈ ನಾಯಿ, ಈ ಕೋಳಿ...

"ನೀನು ನಿಶ್ಚಿಂತೆಯಿಂದ ಹೋಗಿ ಬಾಮ್ಮ," ಎಂದರು ನರ್ಸಮ್ಮ, ಅಳತೆಗೆ ಕೈ ನೀಡಿಕೊಂಡೇ. "ನನಗೇನೂ ಶ್ರಮ ಇಲ್ಲ."